ಮೂರಕ್ಕೆ ಏಳು, ಎರಡಕ್ಕೆ ಇಪ್ಪತ್ತೇಳು

ಪ್ರಶ್ನೆ: ನಮ್ಮದು ಜೀನ್ಸ್ ಹೊಲಿಯುವ ಮನೆತನ. ಸ್ಪರ್ಧಾತ್ಮಕ ಪರೀಕ್ಷೆಗೆ ಓದುತ್ತಿರುವ ಮಗಳು ನಮ್ಮ ಕಸುಬಿನದೇ ಒಂದು ಲೆಕ್ಕ ತಂದಿದ್ದಾಳೆ. ಕತ್ತಲೆಯ ಗೋದಾಮಿನಲ್ಲಿರುವ ಮೂಟೆಯಲ್ಲಿ 20 ನೀಲಿ, 12 ಕಪ್ಪು, 5 ಬೂದು ಪ್ಯಾಂಟುಗಳಿವೆ. ಒಂದೇ ಬಣ್ಣದ ಮೂರು ಸಿಗಲೇಬೇಕಾದರೆ ಕನಿಷ್ಠ 7 ತೆಗೆಯಬೇಕು, ಎರಡು ಕಪ್ಪು ಸಿಗಲೇಬೇಕಾದರೆ 27 ತೆಗೆಯಬೇಕು ಎಂದು ಉತ್ತರದಲ್ಲಿದೆ. ಎರಡೇ ಬೇಕೆಂದಾಗ ಹೆಚ್ಚು ತೆಗೆಯುವುದೇಕೆ?
– ಓದುಗರೊಬ್ಬರು, ಕೌಲ್‌ಬಜಾರ್, ಬಳ್ಳಾರಿ

ಉತ್ತರ: ಎರಡೂ ಉತ್ತರಗಳು ಸರಿಯಾಗಿವೆ. ಇಂತಹ ಲೆಕ್ಕದಲ್ಲಿ 'ಸಿಗಬಹುದು' ಎಂಬುದಕ್ಕೆ ಬೆಲೆಯಿಲ್ಲ, 'ಸಿಗಲೇಬೇಕು' ಎಂಬುದಕ್ಕೆ ಮಾತ್ರ ಬೆಲೆಯಿದೆ. ಆದ್ದರಿಂದ ಅದೃಷ್ಟ ಪೂರ್ತಿ ಕೈಕೊಟ್ಟಾಗ ಏನಾಗುತ್ತದೆ ಎಂಬುದನ್ನೇ ಮೊದಲು ಎಣಿಸಬೇಕು. ಮೊದಲ ಪ್ರಶ್ನೆಯಲ್ಲಿ ಯಾವ ಬಣ್ಣವಾದರೂ ಆದೀತು. ಪ್ರತಿ ಬಣ್ಣದಲ್ಲೂ ಎರಡೆರಡೇ ಬಂದು ಮೂರನೆಯದು ಬಾರದಿರುವ ಸ್ಥಿತಿ 6 ಪ್ಯಾಂಟುಗಳವರೆಗೆ ಮಾತ್ರ ಉಳಿಯಬಲ್ಲದು. ಏಳನೆಯದು ಯಾವ ಬಣ್ಣದ್ದಾದರೂ ಆ ಬಣ್ಣದಲ್ಲಿ ಮೂರು ಆಗಿಯೇ ತೀರುತ್ತವೆ. ನೀಲಿ 20 ಇರಲಿ, 2,000 ಇರಲಿ, ಉತ್ತರ ಬದಲಾಗುವುದಿಲ್ಲ. ಎರಡನೆಯ ಪ್ರಶ್ನೆಯಲ್ಲಿ ಬಣ್ಣವನ್ನು ಹೆಸರಿಸಿದ್ದಾರೆ, ತೊಡಕು ಇರುವುದೇ ಅಲ್ಲಿ: 20 ನೀಲಿ, 5 ಬೂದು ಎಲ್ಲವೂ ಮೊದಲೇ ಬಂದು, ಜೊತೆಗೆ ಒಂದೇ ಒಂದು ಕಪ್ಪು ಬಂದರೂ 26 ಆಗುತ್ತವೆ, ಇನ್ನೊಂದು ತೆಗೆದಾಗಲೇ ಎರಡನೆಯ ಕಪ್ಪು ಖಚಿತ. ಇಲ್ಲಿ ನೀಲಿ ಹೆಚ್ಚಿದಷ್ಟೂ ಉತ್ತರವೂ ಹೆಚ್ಚುತ್ತದೆ.

ಮೊದಲ ಬಗೆಯ ಎಣಿಕೆಗೆ ಪಾರಿವಾಳದ ಗೂಡಿನ ತತ್ತ್ವವೆನ್ನುತ್ತಾರೆ. ಇದನ್ನು 1834ರಲ್ಲಿ ಜರ್ಮನಿಯ ಗಣಿತಜ್ಞ ಡಿರಿಶ್ಲೆ ಬಳಸಿದ್ದರಿಂದ ಅವರ ಹೆಸರಿನಿಂದಲೂ ಕರೆಯುವುದುಂಟು. ಫೆಬ್ರುವರಿ 29 ಸೇರಿಸಿದರೆ ಹುಟ್ಟುಹಬ್ಬಕ್ಕೆ 366 ದಿನಗಳಿರುವುದರಿಂದ, 367 ಮಕ್ಕಳಿರುವ ಶಾಲೆಯಲ್ಲಿ ಇಬ್ಬರ ಹುಟ್ಟುಹಬ್ಬ ಒಂದೇ ದಿನ ಬರಲೇಬೇಕು. ಬರೀ 23 ಮಕ್ಕಳಿದ್ದರೂ ಹಾಗಾಗುವ ಸಂಭವ ಅರ್ಧಕ್ಕಿಂತ ಹೆಚ್ಚು ಎಂಬುದು ನಿಜ, ಆದರೆ ಅದು ಸಂಭವನೀಯತೆಯ ಪಾಠಕ್ಕೆ ಸೇರಿದ್ದು. ಅದನ್ನು ಇಲ್ಲಿ ಬೆರೆಸುವುದರಿಂದಲೇ ಬಹಳ ಮಕ್ಕಳು ಅಂಕ ಕಳೆದುಕೊಳ್ಳುತ್ತಾರೆ ಎಂದು ನನಗನ್ನಿಸುತ್ತದೆ.

'ಬಣ್ಣದ ಸಂಖ್ಯೆಯನ್ನು ಎರಡರಿಂದ ಗುಣಿಸಿ ಒಂದು ಕೂಡಿಸು' ಎಂದು ಮಗಳು ಬಾಯಿಪಾಠ ಮಾಡಿದ್ದರೆ ಮೂಟೆಯಲ್ಲಿ ಬೂದು ಪ್ಯಾಂಟು ಒಂದೇ ಇದೆಯೆಂದುಕೊಂಡು ಮೊದಲ ಲೆಕ್ಕವನ್ನು ಮತ್ತೆ ಮಾಡಲು ಹೇಳಿ. ಬೂದು ಎರಡು ಬರಲು ಸಾಧ್ಯವೇ ಇಲ್ಲದ್ದರಿಂದ ಎರಡು ನೀಲಿ, ಎರಡು ಕಪ್ಪು, ಒಂದು ಬೂದು ಸೇರಿ ಐದಕ್ಕೇ ತಡೆ ಮುಗಿದು, ಉತ್ತರ 6 ಆಗುತ್ತದೆ.