ಮುಟ್ಟು ನಿಂತ ಮೇಲೆ ದಿನಾ ಆಸ್ಪಿರಿನ್ ಬೇಕಾ?

ಮೇಡಂ, ನಿಮಗೆ 51 ವರ್ಷ, ಮುಟ್ಟು ನಿಂತು ವರ್ಷವಾಯಿತು, ಹೃದಯದ ಕಾಯಿಲೆ ಇಲ್ಲ, ರಕ್ತ ಹೆಪ್ಪುಗಟ್ಟದಿರಲು ದಿನಾ ಆಸ್ಪಿರಿನ್ ತೆಗೆದುಕೊಳ್ಳಲಾ ಅಂತ ಕೇಳಿದ್ದೀರಿ. ದಯವಿಟ್ಟು ನೀವಾಗಿಯೇ ಶುರು ಮಾಡಬೇಡಿ.

ನಿಮ್ಮ ಭಯಕ್ಕೆ ಕಾರಣ ಇದೆ. ಈಸ್ಟ್ರೋಜನ್ ಎಂಬ ಹೆಣ್ಣು ಹಾರ್ಮೋನು ಚೆನ್ನಾಗಿದ್ದಾಗ ರಕ್ತನಾಳದ ಒಳಪದರ ನೈಟ್ರಿಕ್ ಆಕ್ಸೈಡ್, ಪ್ರೋಸ್ಟಾಸೈಕ್ಲಿನ್ ಎಂಬ ಎರಡು ವಸ್ತುಗಳನ್ನೂ ಜಾಸ್ತಿ ತಯಾರಿಸುತ್ತದೆ. ಪ್ಲೇಟ್‌ಲೆಟ್‌ಗಳು (ರಕ್ತ ಹೆಪ್ಪುಗಟ್ಟಿಸುವ ಕಣಗಳು) ಸುಮ್ನೆ ಒಂದಕ್ಕೊಂದು ಅಂಟಿಕೊಳ್ಳದಂತೆ ನೋಡಿಕೊಳ್ಳುವುದು ಇವೇ. ಮುಟ್ಟು ನಿಂತ ಮೇಲೆ ಈಸ್ಟ್ರೋಜನ್ ಇಳಿದು ಈ ಕಾವಲು ಸಡಿಲವಾಗುತ್ತದೆ. ಎಲ್‌ಡಿಎಲ್, ಅಂದರೆ ಕೆಟ್ಟ ಕೊಲೆಸ್ಟ್ರಾಲ್ ಕೂಡ ಏರುತ್ತದೆ.

ಆದರೆ ಆಸ್ಪಿರಿನ್ ವಿಷಯವೇ ಬೇರೆ. ಅಮೆರಿಕದ ವಿಮೆನ್ಸ್ ಹೆಲ್ತ್ ಸ್ಟಡಿಯಲ್ಲಿ 45 ದಾಟಿದ 39,876 ಆರೋಗ್ಯವಂತ ಮಹಿಳೆಯರಿದ್ದರು. ಅರ್ಧದಷ್ಟು ಜನರಿಗೆ ದಿನ ಬಿಟ್ಟು ದಿನ 100 ಮಿಲಿಗ್ರಾಂ ಆಸ್ಪಿರಿನ್, ಉಳಿದವರಿಗೆ ಔಷಧವಿಲ್ಲದ ಮಾತ್ರೆ. ಸುಮಾರು 10 ವರ್ಷ ನೋಡಿ 2005ರಲ್ಲಿ ಫಲಿತಾಂಶ ಹೇಳಿದರು. ಒಟ್ಟಾರೆ ಹೃದಯಾಘಾತ ಕಡಿಮೆಯಾಗಲಿಲ್ಲ. ಪಾರ್ಶ್ವವಾಯು 17% ತಗ್ಗಿತು, ನಿಜ. ಆದರೆ ಹೊಟ್ಟೆ, ಕರುಳಿನ ರಕ್ತಸ್ರಾವ ಹೆಚ್ಚಿತು. ನಿಮ್ಮಂಥವರಿಗೆ ಇದು ಲಾಭದ ವ್ಯವಹಾರ ಅಲ್ಲ ಅಂತಲೇ ನನ್ನ ಅಭಿಪ್ರಾಯ. (ಸ್ಟೆಂಟ್ ಹಾಕಿಸಿಕೊಂಡವರ ಮಾತು ಬೇರೆ, ಅವರು ಡಾಕ್ಟರನ್ನು ಕೇಳದೆ ನಿಲ್ಲಿಸಲೇಬಾರದು.)

ಮೊದಲು ಬಿಪಿ, ಶುಗರ್, ಲಿಪಿಡ್ ಪ್ರೊಫೈಲ್ (ಕೊಲೆಸ್ಟ್ರಾಲ್ ಪರೀಕ್ಷೆ) ನೋಡಿಸಿ. ಬಸುರಿಯಾಗಿದ್ದಾಗ ಬಿಪಿ ಅಥವಾ ಶುಗರ್ ಏರಿತ್ತಾ? ಎಷ್ಟೇ ಹಳೆಯ ಮಾತಾದರೂ ಡಾಕ್ಟರಿಗೆ ಹೇಳಿ. ಅದು ಈಗಲೂ ಲೆಕ್ಕಕ್ಕೆ ಬರುತ್ತದೆ, ಎಷ್ಟೋ ಜನ ಹೇಳುವುದೇ ಇಲ್ಲ.