ನೌಕಾಪಡೆಯವರ ಮನೆಯಲ್ಲಿ ಯುದ್ಧವಿರೋಧಿ ಸಿನಿಮಾ ನೋಡಬಹುದಾ?

ಪ್ರಶ್ನೆ: ಮೇಡಂ, ನಾವು ಕಾರವಾರದವರು. ನಮ್ಮವರು ನೌಕಾಪಡೆಯಲ್ಲಿದ್ದಾರೆ. ಮಗನಿಗೆ 15, ಮಗಳಿಗೆ 13. ‘ಗ್ರೇವ್ ಆಫ್ ದ ಫೈರ್‌ಫ್ಲೈಸ್’ ಎಂಬ ಜಪಾನಿ ಸಿನಿಮಾ ನೋಡಲೇಬೇಕು ಅಂತ ಮಗ ಹಠ ಹಿಡಿದಿದ್ದಾನೆ. ಅದು ಯುದ್ಧದ ವಿರುದ್ಧ ಇರುವ ಸಿನಿಮಾ ಅಂತೆ. ಅಪ್ಪನ ಕೆಲಸದ ಮೇಲಿನ ಗೌರವ ಕಡಿಮೆಯಾದೀತಾ? ನೋಡಿದ ಮೇಲೆ ಮಕ್ಕಳ ಹತ್ತಿರ ಏನು ಮಾತಾಡಲಿ?

ಉತ್ತರ: ಧಾರಾಳವಾಗಿ ತೋರಿಸಿ. ಮೊದಲು ನೀವು ಒಬ್ಬರೇ ನೋಡಿ, ಒಂದೂವರೆ ಗಂಟೆ ಅಷ್ಟೇ. ಆನಿಮೇಷನ್ ಅಂದಕೂಡಲೇ ಪುಟ್ಟ ಮಕ್ಕಳದ್ದು ಅಂದುಕೊಳ್ಳಬೇಡಿ. 1945ರಲ್ಲಿ ಕೋಬೆ ನಗರದ ಮೇಲೆ ಬೆಂಕಿ ಬಾಂಬ್ ಬೀಳುತ್ತದೆ. ತಾಯಿಯನ್ನು ಕಳೆದುಕೊಂಡ 14ರ ಸೇಯ್ತ ಮತ್ತು 4 ವರ್ಷದ ತಂಗಿ ಸೆತ್ಸುಕೊ ಕೊನೆಗೆ ಹಸಿವಿನಿಂದ ಸಾಯುತ್ತಾರೆ. ಇದನ್ನು ಮಕ್ಕಳಿಗೆ ಮುಂಚೆಯೇ ಹೇಳಿಬಿಡಿ. ಸಿನಿಮಾ ಕೂಡ ಶುರುವಿನಲ್ಲೇ ಹುಡುಗನ ಸಾವನ್ನು ತೋರಿಸುತ್ತದೆ. ಮೈಯೆಲ್ಲ ಸುಟ್ಟು ಬ್ಯಾಂಡೇಜ್ ಸುತ್ತಿಕೊಂಡ ತಾಯಿಯ ದೃಶ್ಯಕ್ಕೆ ಮಗಳು ಎದ್ದು ಹೋದರೆ ಹೋಗಲಿ, ತಡೆಯಬೇಡಿ.

ನಿಮ್ಮ ಮನೆಗೆ ಬೇರೆಯೇ ಒಂದು ವಿಷಯ ಇದೆ. ಆ ಮಕ್ಕಳ ಅಪ್ಪನೂ ನೌಕಾಪಡೆಯ ಅಧಿಕಾರಿ! ಅಪ್ಪ ಬಂದೇ ಬರುತ್ತಾರೆ ಅಂತ ಸೇಯ್ತ ಕಾಯುತ್ತಾನೆ. ದುಡ್ಡು ತೆಗೆಯಲು ಬ್ಯಾಂಕಿಗೆ ಹೋದಾಗ, ಜಪಾನ್ ಶರಣಾಗಿದೆ, ಹಡಗುಗಳು ಮುಳುಗಿವೆ ಅಂತ ಗೊತ್ತಾಗುತ್ತದೆ. ಹಾಗಾಗಿ ನಿಮ್ಮವರು ಸಮುದ್ರದಲ್ಲಿದ್ದು, ಫೋನ್ ಸಿಗದ ದಿನಗಳಲ್ಲಿ ಇದನ್ನು ನೋಡಬೇಡಿ. ಅವರು ಮನೆಗೆ ಬಂದಿರಲಿ, ಎಲ್ಲರೂ ಒಟ್ಟಿಗೆ ಕೂತು ನೋಡಿ.

ಸಿನಿಮಾ ಮುಗಿದಕೂಡಲೇ ‘ಇದರಿಂದ ಏನು ಕಲಿತೆ’ ಅಂತ ದಯವಿಟ್ಟು ಕೇಳಬೇಡಿ. ಹದಿಹರೆಯದವರು ಅಲ್ಲಿಗೇ ಬಾಯಿ ಮುಚ್ಚಿಕೊಳ್ಳುತ್ತಾರೆ. ಮರುದಿನ ಸಂಜೆ ಟ್ಯಾಗೋರ್ ಕಡಲತೀರದಲ್ಲಿ ನಡೆಯುತ್ತಾ ಒಂದು ದೃಶ್ಯದ ಬಗ್ಗೆ ಕೇಳಿ. ಮುಖ ನೋಡದೆ ಪಕ್ಕದಲ್ಲಿ ನಡೆಯುವಾಗ ಮಾತು ಸಲೀಸು. ಆಶ್ರಯ ಕೊಟ್ಟ ಚಿಕ್ಕಮ್ಮ ಅವರಮ್ಮನ ಕಿಮೋನೊ ಮಾರಿ ಅಕ್ಕಿ ತರಿಸುತ್ತಾಳಲ್ಲ? ಆಮೇಲೆ ಕೆಲಸಕ್ಕೆ ಹೋಗುವ ತನ್ನವರಿಗೆ ಅನ್ನ, ಈ ಇಬ್ಬರಿಗೆ ತೆಳು ಗಂಜಿ. ‘ನೀನು ಅವಳ ಜಾಗದಲ್ಲಿದ್ದರೆ ಹೇಗೆ ಬಡಿಸುತ್ತಿದ್ದೆ? ತಂಗಿಯನ್ನು ಕರಕೊಂಡು ಸೇಯ್ತ ಮನೆ ಬಿಟ್ಟದ್ದು ಸರಿಯಾ?’ ಅಣ್ಣ ತಂಗಿ ಜಗಳಾಡಲಿ, ನೀವು ತೀರ್ಪು ಕೊಡಬೇಡಿ.

‘ಯುದ್ಧ ಶುರು ಮಾಡಿದ್ದು ಯಾರು?’ ಅಂತ ಮಗ ಖಂಡಿತ ಕೇಳುತ್ತಾನೆ. ನೇರವಾಗಿ ಹೇಳಿ: 1937ರಲ್ಲಿ ಚೀನಾದ ಮೇಲೆ, 1941ರಲ್ಲಿ ಅಮೆರಿಕದ ನೌಕಾನೆಲೆ ಪರ್ಲ್ ಹಾರ್ಬರ್ ಮೇಲೆ ದಾಳಿ ಮಾಡಿದ್ದು ಜಪಾನ್. ಅದರಲ್ಲಿ ಸೆತ್ಸುಕೊಳ ತಪ್ಪೇನೂ ಇರಲಿಲ್ಲ. 1988ರಲ್ಲಿ ಈ ಚಿತ್ರ ಮಾಡಿದ ಇಸಾವೊ ತಕಾಹತ ಚಿಕ್ಕವರಿದ್ದಾಗ ವಿಮಾನ ದಾಳಿಯಿಂದ ಪಾರಾದವರು. ಆದರೂ ಇದು ಯುದ್ಧವಿರೋಧಿ ಸಿನಿಮಾ ಅಲ್ಲ ಅನ್ನುತ್ತಿದ್ದರು. ಇದನ್ನು ಮಗನಿಗೆ ಹೇಳಿ, ಅವನು ಒಪ್ಪುತ್ತಾನಾ ಕೇಳಿ. ಒಳ್ಳೆಯ ಚರ್ಚೆ ಆಗುತ್ತದೆ.

ಇನ್ನು ಗೌರವದ ಮಾತು. ಕಡಲತೀರದ ಚಾಪಲ್ ಯುದ್ಧನೌಕೆಯ ಹತ್ತಿರ ಪರಮವೀರ ಚಕ್ರ ಪಡೆದ ನಮ್ಮ ಚೆಂಡಿಯಾದ ರಾಮಾ ರಾಘೋಬಾ ರಾಣೆ ಅವರ ಪ್ರತಿಮೆ ಇದೆ. 1948ರಲ್ಲಿ ಜಮ್ಮುವಿನ ರಾಜೌರಿಯ ದಾರಿಯಲ್ಲಿ ಅವರು ನೆಲಬಾಂಬ್ ತೆಗೆದು ಟ್ಯಾಂಕುಗಳಿಗೆ ದಾರಿ ಮಾಡಿಕೊಟ್ಟರು. ಆ ಧೈರ್ಯಕ್ಕೆ ತಲೆಬಾಗುವ ಹುಡುಗನೇ ಸೆತ್ಸುಕೊಗಾಗಿ ಅಳಬಹುದು. ಎರಡೂ ಒಂದೇ ಮನಸ್ಸಿನಲ್ಲಿ ಇರುತ್ತವೆ, ಹೆದರಬೇಡಿ.

ನೋಡಿದ ಮೇಲೆ ಸುಮಾರು ದಿನ ನಿದ್ದೆ ಬಾರದೆ ಒದ್ದಾಡಿದರೆ, ಊಟ ಬಿಟ್ಟರೆ ಆಪ್ತಸಮಾಲೋಚಕರನ್ನು ಕಾಣಿ. ಸುಮ್ನೆ ಒಂದೆರಡು ದಿನ ಮಂಕಾಗಿದ್ದರೆ ಗಾಬರಿ ಬೇಡ.

ನಿಮ್ಮವರಿಗೂ ಒಂದು ಮಾತು ಹೇಳಿಡಿ. ‘ಅಪ್ಪಾ, ನಿಮಗೆ ಹೆದರಿಕೆ ಆಗುತ್ತದಾ?’ ಅಂತ ಮಕ್ಕಳು ಕೇಳಿದರೆ, ನಕ್ಕು ತೇಲಿಸದೆ ಇದ್ದದ್ದನ್ನು ಇದ್ದ ಹಾಗೆ ಹೇಳಲಿ.