ಬಾವಿನ ರೋಗಿಗಳ ಸಂಸ್ಥೆ: ಚುಕ್ಕಾಣಿ ಯಾರ ಕೈಯಲ್ಲಿರಬೇಕು?

ಪ್ರಶ್ನೆ: ಆರು ವರ್ಷಗಳ ಹಿಂದೆ ಸ್ತನ ಕ್ಯಾನ್ಸರಿನ ಶಸ್ತ್ರಚಿಕಿತ್ಸೆಯಾದ ಮೇಲೆ ನನ್ನ ಬಲಗೈ ಊದಿಕೊಂಡಿತು. ಇದು ಲಿಂಫಿಡೀಮಾ, ಪೂರ್ತಿ ವಾಸಿಯಾಗುವುದಿಲ್ಲ, ಹತೋಟಿಯಲ್ಲಿಡಬಹುದು ಎಂದು ವೈದ್ಯರು ಹೇಳಿದ್ದಾರೆ. ಮಂಡ್ಯ, ಮದ್ದೂರು, ಶ್ರೀರಂಗಪಟ್ಟಣ, ಮೈಸೂರಿನ ನಮ್ಮಂಥವರು ಇಪ್ಪತ್ತೈದು ಜನ ಒಂದು ವಾಟ್ಸ್‌ಆ್ಯಪ್ ಗುಂಪಿನಲ್ಲಿದ್ದೇವೆ. ಈಗ ಇದನ್ನು ಸಂಸ್ಥೆಯಾಗಿ ನೋಂದಾಯಿಸಿ, ಮುಂದೆ ದೇಶದ ಮಟ್ಟಕ್ಕೆ ಬೆಳೆಸಬೇಕೆಂಬ ಆಸೆಯಿದೆ. ಹೆಸರಾಂತ ಶಸ್ತ್ರವೈದ್ಯರೊಬ್ಬರನ್ನು ಅಧ್ಯಕ್ಷರನ್ನಾಗಿ ಮಾಡೋಣ ಎಂದು ಕೆಲವರು, ರಾಜಕಾರಣಿಯೊಬ್ಬರಿದ್ದರೆ ಕೆಲಸ ಸಲೀಸು ಎಂದು ಇನ್ನು ಕೆಲವರು ಹೇಳುತ್ತಾರೆ. ನಮ್ಮಲ್ಲಿರುವವರು ಟೀಚರು, ಟೈಲರು, ಕಬ್ಬು ಬೆಳೆಯುವವರು, ಬ್ಯಾಂಕಿನಿಂದ ನಿವೃತ್ತರಾದವರು. ನಾವು ಸಾಮಾನ್ಯರು, ನಮ್ಮಿಂದ ಆದೀತೇ? — ಓದುಗರು, ಮಂಡ್ಯ

ಉತ್ತರ: ‘ನಾವು ಸಾಮಾನ್ಯರು’ ಎಂಬ ನಿಮ್ಮ ಕೊನೆಯ ಮಾತನ್ನೇ ಮೊದಲು ಎತ್ತಿಕೊಳ್ಳುತ್ತೇನೆ. ಈ ಕಾಯಿಲೆಗಾಗಿ ಬೇರೆ ದೇಶಗಳಲ್ಲಿ ರಾಷ್ಟ್ರಮಟ್ಟದ ಕೆಲಸ ಮಾಡಿದವರನ್ನು ನೋಡಿದರೆ, ನೀವು ಹೇಳುವ ಅರ್ಥದಲ್ಲಿ ಅವರೂ ಸಾಮಾನ್ಯರೇ. ಅಮೆರಿಕದ ನ್ಯಾಷನಲ್ ಲಿಂಫಿಡೀಮಾ ನೆಟ್‌ವರ್ಕನ್ನು 1988ರಲ್ಲಿ ಸ್ಥಾಪಿಸಿದ ಸಾಸ್ಕಿಯಾ ತಿಯಾಡೆನ್ಸ್ ಒಬ್ಬ ನರ್ಸ್. ಬ್ರಿಟನ್ನಿನಲ್ಲಿ 1991ರಲ್ಲಿ ಹುಟ್ಟಿದ ಲಿಂಫಿಡೀಮಾ ಸಪೋರ್ಟ್ ನೆಟ್‌ವರ್ಕ್ ಎಂಬ ಧರ್ಮಾರ್ಥ ಸಂಸ್ಥೆಯನ್ನು ನಡೆಸಿಕೊಂಡು ಬಂದವರು ಆ ಬಾವನ್ನು ತಮ್ಮ ಮೈಯಲ್ಲೇ ಹೊತ್ತವರು. ಇನ್ನು ಅಮೆರಿಕದ ಹೆದರ್ ಫರ್ಗುಸನ್ ಎಂಬಾಕೆ ಹುಟ್ಟಿನಿಂದಲೇ ಲಿಂಫಿಡೀಮಾ ಇದ್ದ ಮಗುವಿನ ತಾಯಿ. ಬಾವನ್ನು ಒತ್ತಿ ಹಿಡಿಯುವ ಕಾಲುಚೀಲ, ತೋಳುಚೀಲಗಳ ಖರ್ಚನ್ನು ವಿಮೆ ಭರಿಸುವುದಿಲ್ಲ ಎಂಬ ಒಂದೇ ಅನ್ಯಾಯವನ್ನು ಹಿಡಿದು ಆಕೆ ಮತ್ತು ಆಕೆಯೊಂದಿಗೆ ನಿಂತ ರೋಗಿಗಳು ವರ್ಷಗಟ್ಟಲೆ ಜನಪ್ರತಿನಿಧಿಗಳ ಬಾಗಿಲು ತಟ್ಟಿದ್ದರಿಂದ 2022ರ ಡಿಸೆಂಬರಿನಲ್ಲಿ ಕಾಯ್ದೆ ಅಂಗೀಕಾರವಾಯಿತು. 2024ರ ಜನವರಿ 1ರಿಂದ ಅಲ್ಲಿನ ಸರ್ಕಾರಿ ಆರೋಗ್ಯ ವಿಮೆಯಾದ ಮೆಡಿಕೇರ್ ಆ ಖರ್ಚನ್ನು ಕೊಡುತ್ತಿದೆ. ಪ್ರಸಿದ್ಧರು ಬೇಡವೆಂದಲ್ಲ. ಸ್ತನ ಶಸ್ತ್ರಚಿಕಿತ್ಸೆಯ ನಂತರ ಇದೇ ಬಾವು ಬಂದ ನಟಿ ಕ್ಯಾಥಿ ಬೇಟ್ಸ್ ಅಮೆರಿಕದ ಇನ್ನೊಂದು ಸಂಸ್ಥೆಯ ವಕ್ತಾರರಾಗಿ ನಿಂತ ಮೇಲೆ ಈ ಕಾಯಿಲೆಯ ಹೆಸರನ್ನೇ ಕೇಳದಿದ್ದವರ ಕಿವಿಗೂ ಅದು ಬಿತ್ತು. ಆದರೆ ವಕ್ತಾರರ ಕೆಲಸವೇ ಬೇರೆ, ಲೆಕ್ಕಪತ್ರ ನೋಡಿ ನಿರ್ಣಯ ಬರೆಯುವವರ ಕೆಲಸವೇ ಬೇರೆ. ನಿಮ್ಮ ರಾಜಕಾರಣಿಗೆ ಮೈಸೂರು ಪೇಟ ತೊಡಿಸಿ ಸನ್ಮಾನ ಮಾಡಿ. ಚೆಕ್ಕಿಗೆ ಸಹಿ ಮಾಡುವ ಅಧಿಕಾರವನ್ನು ಮಾತ್ರ ಕೊಡಬೇಡಿ.

ರೋಗಿಗಳೇ ಮುಂದಾಳುಗಳಾಗಬೇಕು ಎನ್ನುವುದಕ್ಕೆ ನನ್ನ ಬಳಿ ದೊಡ್ಡ ಸಿದ್ಧಾಂತವೇನಿಲ್ಲ, ಕಣ್ಣಾರೆ ಕಂಡ ಒಂದು ಸಭೆಯಿದೆ. ಮೈಸೂರಿನಲ್ಲಿ ನಡೆದ ಆ ಸಭೆಯಲ್ಲಿ ಕಾಲುಬಾವಿನವರೇ ಮೂವತ್ತು ಜನ ಇದ್ದರು. ವೇದಿಕೆಯ ಮೇಲೆ ಹೂಗುಚ್ಛಗಳಿದ್ದವು, ಸಭಿಕರಿಗೆ ಸಾಲಾಗಿ ಪ್ಲಾಸ್ಟಿಕ್ ಕುರ್ಚಿಗಳಿದ್ದವು, ಭಾಷಣ ಒಂದೂವರೆ ಗಂಟೆ ನಡೆಯಿತು. ಕಾಲು ಇಳಿಬಿಟ್ಟು ಅಷ್ಟು ಹೊತ್ತು ಕುಳಿತರೆ ಇವರಿಗೆ ಏನಾಗುತ್ತದೆ ಎಂದು ಆಯೋಜಕರಲ್ಲಿ ಒಬ್ಬರಿಗೂ ಹೊಳೆದಿರಲಿಲ್ಲ. ಹಿಂದಿನ ಸಾಲಿನಲ್ಲಿದ್ದ, ತಾವೂ ಕಾಲುಬಾವಿನವರಾದ ಒಬ್ಬ ಹೆಂಗಸು ಮೆಲ್ಲಗೆ ಎದ್ದು ಹೋಗಿ, ಅಡುಗೆಮನೆಯ ಹತ್ತಿರ ಬಿದ್ದಿದ್ದ ಟೊಮೆಟೊ ಕ್ರೇಟುಗಳನ್ನು ತಂದು ಬೋರಲು ಹಾಕಿ, ಒಬ್ಬೊಬ್ಬರ ಕಾಲಡಿಗೆ ಒಂದೊಂದನ್ನು ಸರಿಸುತ್ತ ಬಂದರು. ಆ ದಿನದ ಅಧ್ಯಕ್ಷರು ಯಾರಾಗಿದ್ದರೋ ನನಗೆ ಮರೆತಿದೆ.

ಇನ್ನೊಂದು ಉದಾಹರಣೆ ನಿಮ್ಮ ಜಿಲ್ಲೆಗೇ ಸೇರಿದ್ದು. ನಮ್ಮ ಮೈಯಲ್ಲಿ ದುಗ್ಧರಸ (ಲಿಂಫ್) ಹರಿಯುವ ನಾಳಗಳು, ಗಂಟುಗಳು ಹಾಳಾದಾಗ, ಅಥವಾ ಕ್ಯಾನ್ಸರ್ ಚಿಕಿತ್ಸೆಯಲ್ಲಿ ಅವುಗಳನ್ನು ತೆಗೆದಾಗ, ವಿಕಿರಣದಿಂದ ಸುಟ್ಟಾಗ, ಪ್ರೋಟೀನು ತುಂಬಿದ ದ್ರವ ಚರ್ಮದಡಿ ನಿಂತುಬಿಡುತ್ತದೆ. ಅಂಥ ಕೈಯಲ್ಲಿ ಸಣ್ಣ ಗೀರಾದರೂ ಅದರ ಮೂಲಕ ಸೋಂಕು ಹೊಕ್ಕು, ಒಂದೇ ರಾತ್ರಿಯಲ್ಲಿ ಕೈ ಕೆಂಪಗಾಗಿ ಚಳಿಜ್ವರ ಬರುವುದುಂಟು. ಈ ಎಚ್ಚರಿಕೆಯನ್ನು ಇಂಗ್ಲಿಷ್ ಕರಪತ್ರಗಳಿಂದ ಎತ್ತಿ ಕನ್ನಡಕ್ಕೆ ತಂದವರು ‘ಗುಲಾಬಿ ಗಿಡ ಕತ್ತರಿಸುವಾಗ ಕೈಗವಸು ಧರಿಸಿ’ ಎಂದು ಅಚ್ಚು ಹಾಕಿಸಿದ್ದನ್ನು ನೋಡಿದ್ದೇನೆ. ಮಂಡ್ಯದ ಹೆಂಗಸಿನ ಕೈ ಗೀರುವುದು ಕಬ್ಬಿನ ಗರಿಯ ಅಂಚು. ಸೋಗೆ ಬಿಡಿಸುವಾಗ ಉದ್ದ ತೋಳಿನ ಅಂಗಿ ಹಾಕಿಕೊಳ್ಳಿ, ನಾಟಿಗೆ ಗದ್ದೆಗಿಳಿದು ಬಂದ ಮೇಲೆ ಕಾಲ್ಬೆರಳ ಸಂದುಗಳನ್ನು ತೊಳೆದು ಒಣಬಟ್ಟೆಯಲ್ಲಿ ಒರೆಸಿ ಎಂದು ಬರೆಯಲು ನಿಮ್ಮ ಗುಂಪಿನ ಕಬ್ಬು ಬೆಳೆಯುವವರೇ ಬೇಕು.

ಹಾಗಾದರೆ ವೈದ್ಯರ ಸ್ಥಾನವೆಲ್ಲಿ? ಸಲಹಾ ಸಮಿತಿಯಲ್ಲಿ, ಮತ್ತು ಅದು ಹೆಸರಿಗಷ್ಟೇ ಇರಬಾರದು. ಸಂಸ್ಥೆಯ ಹೆಸರಿನಲ್ಲಿ ಹೊರಬೀಳುವ ಆರೋಗ್ಯದ ಮಾತು ಪ್ರತಿಯೊಂದೂ ಅವರ ಕಣ್ಣಿಗೆ ಬಿದ್ದೇ ಹೋಗಬೇಕು. ಮೂತ್ರ ಹೆಚ್ಚಿಸುವ ‘ನೀರಿನ ಮಾತ್ರೆ’ಯಿಂದ ಈ ಬಾವು ಇಳಿಯುತ್ತದೆ ಎಂದು ನಂಬಿರುವವರು ನಿಮ್ಮ ಗುಂಪಿನಲ್ಲೂ ಇದ್ದಾರು, ಮಾತ್ರೆ ನೀರನ್ನು ಹೊರಹಾಕಿದರೂ ಪ್ರೋಟೀನು ಅಲ್ಲೇ ಉಳಿದು ಮತ್ತೆ ನೀರನ್ನು ಎಳೆದುಕೊಳ್ಳುವುದರಿಂದ ಅದು ಲಿಂಫಿಡೀಮಾಕ್ಕೆ ಮದ್ದಲ್ಲ ಎಂದು ತಿದ್ದುವವರು ವೈದ್ಯರೇ. ವೈದ್ಯರೇ ಮುಂದೆ ನಿಂತು ಕಟ್ಟಿದ ಒಳ್ಳೆಯ ಕೆಲಸ ಇಲ್ಲವೆಂದೇನೂ ಅಲ್ಲ. ನೆರೆಯ ಕಾಸರಗೋಡಿನಲ್ಲಿ ಡಾ. ಎಸ್.ಆರ್. ನರಹರಿಯವರ ಇನ್‌ಸ್ಟಿಟ್ಯೂಟ್ ಆಫ್ ಅಪ್ಲೈಡ್ ಡರ್ಮಟಾಲಜಿ ಆಯುರ್ವೇದ, ಯೋಗ ಮತ್ತು ಆಧುನಿಕ ವೈದ್ಯವನ್ನು ಕೂಡಿಸಿ ಆನೆಕಾಲಿನ ರೋಗಿಗಳಿಗೆ ಮಾಡಿರುವ ಕೆಲಸ ಹೊರದೇಶಗಳಿಗೂ ಗೊತ್ತು. ಆದರೆ ಅದು ಚಿಕಿತ್ಸೆಯ, ಸಂಶೋಧನೆಯ ಸಂಸ್ಥೆ. ನೀವು ಕಟ್ಟಹೊರಟಿರುವುದು ರೋಗಿಗಳ ಸಂಸ್ಥೆ.

ನಿಮ್ಮ ಪಟ್ಟಿಯಲ್ಲಿ ನನಗೆ ಕಂಡ ಕೊರತೆ ಒಂದೇ: ಎಲ್ಲರೂ ಕ್ಯಾನ್ಸರಿನ ನಂತರ ಕೈ ಊದಿಕೊಂಡವರು. ಮೈಸೂರು, ಮಂಡ್ಯದ ಸೀಮೆಯಲ್ಲಿ ಅದು ಸಹಜ. ಆದರೆ ‘ದೇಶದ ಮಟ್ಟ’ ಎಂದೊಡನೆ ಲೆಕ್ಕ ಬದಲಾಗುತ್ತದೆ, ಏಕೆಂದರೆ ನಮ್ಮ ದೇಶದಲ್ಲಿ ಸೊಳ್ಳೆಯಿಂದ ಹರಡುವ ಫೈಲೇರಿಯಾದಿಂದಲೂ ಬಹಳ ಜನರಿಗೆ ಈ ಬಾವು ಬಂದಿದೆ. ಕರ್ನಾಟಕದಲ್ಲೇ ಕಲಬುರಗಿ, ಬೀದರ್, ಯಾದಗಿರಿ, ರಾಯಚೂರು ಕಡೆ ಹೋದರೆ ಆನೆಕಾಲಿನವರು ಸಿಗುತ್ತಾರೆ. ಅವರಲ್ಲಿ ಕೂಲಿ ಮಾಡುವವರು ಹೆಚ್ಚು, ಚಪ್ಪಲಿಗೇ ಪರದಾಡುವವರು. ಕಾರ್ಯಕಾರಿ ಸಮಿತಿಯಲ್ಲಿ ಅಂಥವರಲ್ಲಿ ಒಬ್ಬರು, ಹುಟ್ಟಿನಿಂದ ಬಾವಿರುವ ಮಗುವಿನ ತಂದೆಯೋ ತಾಯಿಯೋ ಒಬ್ಬರು ಇಲ್ಲದಿದ್ದರೆ ಬೋರ್ಡಿನ ಮೇಲೆ ‘ಅಖಿಲ ಭಾರತ’ ಎಂದು ಬರೆಸಬೇಡಿ, ಚೆನ್ನಾಗಿರುವುದಿಲ್ಲ.

ನೋಂದಣಿಯ ವಿಷಯ. ಕರ್ನಾಟಕ ಸಂಘಗಳ ನೋಂದಣಿ ಅಧಿನಿಯಮ, 1960ರ ಅಡಿಯಲ್ಲಿ ಸಂಘ ಮಾಡಿಕೊಳ್ಳಲು ಕನಿಷ್ಠ ಏಳು ಜನ ಬೇಕು. ಟ್ರಸ್ಟ್ ಮಾಡಿದರೆ ಪತ್ರವನ್ನು ಉಪನೋಂದಣಿ ಕಚೇರಿಯಲ್ಲಿ ನೋಂದಾಯಿಸಿದರಾಯಿತು, ಕೆಲಸ ಸುಲಭ. ಆದರೆ ಟ್ರಸ್ಟಿಗಳನ್ನು ಸದಸ್ಯರು ಆರಿಸುವ ಪದ್ಧತಿ ಸಾಮಾನ್ಯವಾಗಿ ಇರುವುದಿಲ್ಲವಾದ್ದರಿಂದ, ಒಮ್ಮೆ ಕುಳಿತವರು ಎದ್ದೇಳದಿರುವುದನ್ನು ಎಲ್ಲ ಊರುಗಳಲ್ಲೂ ಕಾಣುತ್ತೇವೆ. ನಿಮ್ಮಂಥ ಗುಂಪಿಗೆ ಸಂಘವೇ ಸರಿ ಎಂಬುದು ನನ್ನ ಅಭಿಪ್ರಾಯ: ವರ್ಷಕ್ಕೊಮ್ಮೆ ಸರ್ವಸದಸ್ಯರ ಸಭೆ ಕರೆಯಲೇಬೇಕು, ಲೆಕ್ಕ ಒಪ್ಪಿಸಲೇಬೇಕು. ಬೈಲಾದಲ್ಲಿ ಎರಡು ಸಂಗತಿ ಬರೆಸಿಕೊಳ್ಳಿ. ಸಮಿತಿಯಲ್ಲಿ ಅರ್ಧಕ್ಕಿಂತ ಹೆಚ್ಚು ಜನ ರೋಗಿಗಳು ಅಥವಾ ಅವರನ್ನು ನೋಡಿಕೊಳ್ಳುವ ಮನೆಯವರಿರಬೇಕು. ಒಬ್ಬರು ಸತತವಾಗಿ ಎರಡು ಅವಧಿಗಿಂತ ಹೆಚ್ಚು ಒಂದೇ ಹುದ್ದೆಯಲ್ಲಿರಬಾರದು. ಇದಲ್ಲದೆ, ಅಧ್ಯಕ್ಷರಾದವರಿಗೂ ಸೋಂಕು ಬಂದು ಹತ್ತು ದಿನ ಮಲಗಬೇಕಾಗುವುದು ಈ ಕಾಯಿಲೆಯಲ್ಲಿ ಇದ್ದದ್ದೇ, ಆದ್ದರಿಂದ ಪ್ರತಿಯೊಂದು ಕೆಲಸವೂ ಇಬ್ಬರಿಗೆ ಗೊತ್ತಿರಲಿ. ಖಜಾಂಚಿಯಾಗಲು ನಿಮ್ಮ ಬ್ಯಾಂಕಿನವರಿಗಿಂತ ಬೇರೆಯವರನ್ನು ಹುಡುಕುವ ಅಗತ್ಯ ಕಾಣುವುದಿಲ್ಲ.

ಪ್ರಶ್ನೆ: ನಮ್ಮ ಸಣ್ಣ ಸಂಘಕ್ಕೆ ಒತ್ತಡದ ಕಾಲುಚೀಲ ಮಾರುವ ಅಂಗಡಿಯವರೊಬ್ಬರು ರಿಯಾಯಿತಿ ಕೊಡುತ್ತೇವೆ, ಸಮಿತಿಯಲ್ಲಿ ಒಂದು ಸ್ಥಾನ ಕೊಡಿ ಎಂದು ಕೇಳುತ್ತಿದ್ದಾರೆ. ಒಪ್ಪಬಹುದೇ? — ಓದುಗರು, ಕುವೆಂಪುನಗರ, ಮೈಸೂರು

ಉತ್ತರ: ರಿಯಾಯಿತಿಯನ್ನು ತೆಗೆದುಕೊಳ್ಳಿ, ಸ್ಥಾನ ಕೊಡಬೇಡಿ. ಅವರು ಕೆಟ್ಟವರೆಂದು ಹೇಳುತ್ತಿಲ್ಲ. ಈ ಚೀಲಗಳನ್ನು ಸುಮಾರು ಆರು ತಿಂಗಳಿಗೊಮ್ಮೆ ಬದಲಿಸಬೇಕು, ಅಂದರೆ ನಿಮ್ಮ ಸದಸ್ಯರೆಲ್ಲರೂ ಬದುಕಿರುವವರೆಗೂ ಗಿರಾಕಿಗಳೇ. ಯಾರಿಗೆ ಯಾವ ಒತ್ತಡದ್ದು, ಅಂಗಡಿಯ ಸಿದ್ಧ ಅಳತೆಯದೋ ಟೇಪು ಹಿಡಿದು ಅಳೆದು ಹೊಲಿಸಿದ್ದೋ, ಮೊದಲು ಕೆಲವು ವಾರ ಪಟ್ಟಿ ಸುತ್ತಿ ಬಾವು ಇಳಿಸಿದ ಮೇಲೆ ಕೊಡಬೇಕೋ ಎಂಬುದನ್ನು ತೀರ್ಮಾನಿಸುವ ಜಾಗದಲ್ಲಿ ಮಾರುವವರು ಕೂರಬಾರದು. ಕಾಲಿಗೆ ರಕ್ತ ಒಯ್ಯುವ ಅಪಧಮನಿ ಕಟ್ಟಿಕೊಂಡವರಿಗೆ ಒತ್ತಡದ ಚೀಲದಿಂದ ಅಪಾಯವೇ ಆಗಬಹುದು. ಸಮಿತಿಯಲ್ಲಿರುವ ಯಾರ ಮನೆಯವರಿಗಾದರೂ ಇಂಥ ವ್ಯಾಪಾರವಿದ್ದರೆ ಅದನ್ನು ಮೊದಲ ಸಭೆಯಲ್ಲೇ ಹೇಳಿ ದಾಖಲಿಸಿ, ಖರೀದಿಯ ಮಾತು ಬಂದಾಗ ಅವರು ಹೊರಗೆ ಹೋಗಿ ಒಂದು ಕಾಫಿ ಕುಡಿದು ಬರಲಿ.

ಪ್ರಶ್ನೆ: ಅಮೆರಿಕದಲ್ಲಿರುವ ನನ್ನ ಮಗ ಅಜ್ಜಿಯ ನೆನಪಿಗಾಗಿ ಕಾಲುಬಾವಿನ ರೋಗಿಗಳ ಸಂಸ್ಥೆಯೊಂದಕ್ಕೆ ಹಣ ಕಳಿಸಬೇಕೆಂದಿದ್ದಾನೆ. ಅದನ್ನು ನಡೆಸುವವರು ನಂಬಿಕಸ್ಥರೇ ಎಂದು ತಿಳಿಯುವುದು ಹೇಗೆ? — ಓದುಗರು, ಕೆ.ಆರ್. ಪೇಟೆ

ಉತ್ತರ: ನೀತಿ ಆಯೋಗದ ದರ್ಪಣ್ ಜಾಲತಾಣದಲ್ಲಿ ಸಂಸ್ಥೆ ನೋಂದಾಯಿಸಿಕೊಂಡಿದ್ದರೆ ಪದಾಧಿಕಾರಿಗಳ ಹೆಸರು ಅಲ್ಲೇ ಸಿಗುತ್ತದೆ. ಕಳೆದ ಮೂರು ವರ್ಷದ ಲೆಕ್ಕಪರಿಶೋಧನಾ ವರದಿಯನ್ನು ಕೇಳಿ. ಕೊಡಲು ಹಿಂದೆಮುಂದೆ ನೋಡಿದರೆ ಅಲ್ಲಿಗೆ ಬಿಡಿ. ಸಾಧ್ಯವಾದರೆ ಒಂದು ಬೆಳಿಗ್ಗೆ ಖುದ್ದಾಗಿ ಹೋಗಿ, ಅಲ್ಲಿ ಪಟ್ಟಿ ಸುತ್ತಿಸಿಕೊಳ್ಳಲು ಬಂದವರನ್ನು ‘ಇಲ್ಲಿಯ ಅಧ್ಯಕ್ಷರು ಯಾರು, ಕೊನೆಯ ಸಲ ಯಾವಾಗ ಕಂಡಿರಿ’ ಎಂದು ವಿಚಾರಿಸಿ. ಇನ್ನೊಂದು ಮುಖ್ಯ ವಿಷಯ: ನಿಮ್ಮ ಮಗನ ಬಳಿ ಈಗಲೂ ಭಾರತದ ಪಾಸ್‌ಪೋರ್ಟ್ ಇದ್ದು, ತನ್ನ ಸ್ವಂತ ಉಳಿತಾಯವನ್ನು ಬ್ಯಾಂಕಿನ ಮೂಲಕ ಕಳಿಸಿದರೆ ಅದು ವಿದೇಶಿ ದೇಣಿಗೆ ಎನಿಸುವುದಿಲ್ಲ. ಅಮೆರಿಕದ ಪೌರತ್ವ ಪಡೆದಿದ್ದರೆ, ಆತ ಕೆ.ಆರ್. ಪೇಟೆಯಲ್ಲೇ ಹುಟ್ಟಿದ್ದರೂ, ಅದು ವಿದೇಶಿ ದೇಣಿಗೆಯೇ. ವಿದೇಶಿ ವಂತಿಗೆ ಕಾಯ್ದೆ, 2010ರ ಅಡಿಯಲ್ಲಿ ನೋಂದಣಿ ಅಥವಾ ಪೂರ್ವಾನುಮತಿ ಇರುವ ಸಂಸ್ಥೆ ಮಾತ್ರ, ಅದೂ ದೆಹಲಿಯ ಸ್ಟೇಟ್ ಬ್ಯಾಂಕ್ ಮುಖ್ಯ ಶಾಖೆಯಲ್ಲಿನ ನಿಗದಿತ ಖಾತೆಯಲ್ಲಿ, ಅದನ್ನು ಸ್ವೀಕರಿಸಬಹುದು. ‘ಪರವಾಗಿಲ್ಲ, ನಮ್ಮ ಕಾರ್ಯದರ್ಶಿಯ ಖಾತೆಗೆ ಹಾಕಿಬಿಡಿ’ ಎಂದು ಯಾರಾದರೂ ಹೇಳಿದರೆ ಆ ಸಂಸ್ಥೆಗೆ ಒಂದು ರೂಪಾಯಿಯನ್ನೂ ಕಳಿಸಬೇಡಿ.